ಕಬ್ಬಿಣಾಂಶ: ತಾಯಿಗೂ ಬೇಕು, ರೋಗಾಣುವಿಗೂ ಬೇಕು



ಕಬ್ಬಿಣಾಂಶವು ಕಡಿಮೆಯಾದರೆ ರಕ್ತಹೀನತೆ ಉಂಟಾಗುತ್ತದೆಂಬುದನ್ನು ತಾವು ಬಲ್ಲಿರಿ. ಆದರೆ ನಮ್ಮೊಳಗೆ ಸೇರಿದ ರೋಗಾಣುಗಳಿಗೂ ಬೆಳೆಯಲು ಇದೇ ಕಬ್ಬಿಣಾಂಶ ಬೇಕೆಂಬುದು ಹಲವರಿಗೆ ತಿಳಿಯದು.

ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ನಮ್ಮ ದೇಹವೂ ಕಬ್ಬಿಣಾಂಶವನ್ನು ಹೀಗೆಯೇ ಕಾಯುತ್ತದೆ. ಸೋಂಕು ತಗಲಿದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ರಸವನ್ನು ಹೆಚ್ಚಿಸುತ್ತದೆ. ಆಗ ಕರುಳು ಕಬ್ಬಿಣಾಂಶವನ್ನು ಹೀರುವುದು ತಗ್ಗುತ್ತದೆ; ಸಂಗ್ರಹದಲ್ಲಿರುವುದು ಹೊರಬರುವುದಿಲ್ಲ.

ರೋಗಾಣುಗಳೂ ಸುಮ್ಮನಿರುವುದಿಲ್ಲ. ಭೇದಿ ಹಾಗೂ ಮೂತ್ರದ ಸೋಂಕನ್ನು ತರಬಲ್ಲ ಇ. ಕೋಲೈ ಎಂಬ ಸೂಕ್ಷ್ಮಜೀವಿಯು ಎಂಟೆರೋಬ್ಯಾಕ್ಟಿನ್ ಎಂಬ ವಸ್ತುವನ್ನು ಹೊರಬಿಡುತ್ತದೆ. ವಿಜ್ಞಾನಿಗಳು 1970ರಲ್ಲಿ ಗುರುತಿಸಿದ ಈ ವಸ್ತುವು ಕಬ್ಬಿಣಾಂಶವನ್ನು ಬಿಗಿಯಾಗಿ ಹಿಡಿದು ರೋಗಾಣುವಿಗೆ ಒಪ್ಪಿಸುತ್ತದೆ.

ಹಾಗಾದರೆ ಗರ್ಭಿಣಿಯು ಕಬ್ಬಿಣದ ಗುಳಿಗೆಗೆ ಅಂಜಬೇಕೆ? ಸರ್ವಥಾ ಅಂಜಬೇಕಾಗಿಲ್ಲ. ಹಗೇವೇ ಬರಿದಾದರೆ ಕಾವಲಿನಿಂದ ಏನು ಫಲ? ರಕ್ತಹೀನತೆಯುಳ್ಳ ತಾಯಿಗೆ ಹೆರಿಗೆಯ ರಕ್ತಸ್ರಾವವು ಪ್ರಾಣಾಪಾಯವನ್ನೇ ತರಬಹುದು. ಆದುದರಿಂದ ಈ ಕೆಳಗಿನ ಸಂಗತಿಗಳನ್ನು ನೆನಪಿನಲ್ಲಿಡಿರಿ:

1. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ಸೇವಿಸಬೇಕು. ಗುಳಿಗೆಯೊಡನೆ ಚಹಾ ಕುಡಿಯಬಾರದು. ಊಟದಲ್ಲಿ ಲಿಂಬೆಹಣ್ಣು ಒಳ್ಳೆಯದು. ಜ್ವರ ಬಂದರೆ ವೈದ್ಯರನ್ನು ಕಾಣಬೇಕು. ತಾನಾಗಿಯೇ ಗುಳಿಗೆಯನ್ನು ನಿಲ್ಲಿಸಬಾರದು.

2. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿರಿ. ಮೊದಲ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿರಿ. ಅದರಲ್ಲಿ ಹೇರಳವಾಗಿರುವ ಲ್ಯಾಕ್ಟೋಫೆರಿನ್ ಎಂಬ ಅಂಶವು ಕಬ್ಬಿಣವನ್ನು ಹಿಡಿದಿಟ್ಟು, ರೋಗಾಣುಗಳಿಗೆ ಸಿಗದಂತೆ ಮಾಡುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ನೀರನ್ನೂ ಕೊಡಬಾರದು.

3. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ 2 ಬಾರಿ 1 ಮಿ.ಲೀ. ಕಬ್ಬಿಣದ ಸಿರಪ್ ಕೊಡಲಾಗುತ್ತದೆ. ಜ್ವರ, ಭೇದಿ ಅಥವಾ ನ್ಯುಮೋನಿಯಾ ಇದ್ದಾಗ ಅದನ್ನು ತಡೆಹಿಡಿದು, ಗುಣವಾದ ಮೇಲೆ ಮುಂದುವರಿಸಬೇಕು. ತೀವ್ರವಾಗಿ ಸೊರಗಿದ ಮಗುವಿಗೆ ಮೊದಲು ಸೋಂಕಿನ ಚಿಕಿತ್ಸೆ ಮತ್ತು ಆಹಾರ. ಕಬ್ಬಿಣಾಂಶವು ವೈದ್ಯರು ಹೇಳಿದ ನಂತರ.

ಗುಳಿಗೆಯನ್ನು ನೆನಪಿಸುವುದು, ಪತ್ನಿಯನ್ನು ತಪಾಸಣೆಗೆ ಕರೆದೊಯ್ಯುವುದು ಪತಿಯ ಹೊಣೆ. ಸಂದೇಹವಿದ್ದಲ್ಲಿ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿರಿ. ತಕ್ಕ ಕಾಲದಲ್ಲಿ, ತಕ್ಕ ಪ್ರಮಾಣದಲ್ಲಿ ದೊರೆತ ಕಬ್ಬಿಣಾಂಶವೇ ತಾಯಿ ಮಕ್ಕಳ ರಕ್ಷೆ.