ಸಂಚಾರಿ ಮನೆಯಲ್ಲಿ ವಿದ್ಯುತ್ ಕೆಟಲ್

ಯೂರೋಪಿನ ಹೆದ್ದಾರಿಗಳಲ್ಲಿ ಅಡುಗೆಮನೆ, ಹಾಸಿಗೆಗಳನ್ನೆಲ್ಲ ಹೊತ್ತು ಸಂಚರಿಸುವ ಮೋಟಾರು ಮನೆಗಳನ್ನು ಕಾಣಬಹುದು. ಇವುಗಳ 12 ವೋಲ್ಟಿನ ಬ್ಯಾಟರಿಯ ಏಕಮುಖ ಪ್ರವಾಹವನ್ನು 230 ವೋಲ್ಟಿನ ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುವ ಸಾಧನವೇ ಇನ್‌ವರ್ಟರ್. 1000 ವಾಟಿನ ಕೆಟಲು ಅದರಿಂದ ಪಡೆಯುವುದು ಸುಮಾರು 4.3 ಆಂಪಿಯರ್ ಮಾತ್ರ. ಬ್ಯಾಟರಿಯ ಕಡೆ ನೋಡಿರಿ: ಇನ್‌ವರ್ಟರಿನ ದಕ್ಷತೆ ನೂರಕ್ಕೆ 90 ಆದರೆ, ಅಲ್ಲಿ ಹರಿಯುವುದು 93 ಆಂಪಿಯರ್! ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಹುಟ್ಟುವುದಷ್ಟೆ. ತಂತಿಗಳ ರೋಧ 0.01 ಓಮ್ ಇದ್ದರೂ 86 ವಾಟು ಅವುಗಳಲ್ಲಿಯೇ ಶಾಖವಾಗುತ್ತದೆ. ತೆಳು ತಂತಿಯಾದರೆ ಹೊದಿಕೆ ಕರಗಿ ಬೆಂಕಿ ಹತ್ತೀತು. ಆದುದರಿಂದ ತಂತಿಗಳು ದಪ್ಪವಾಗಿಯೂ ಗಿಡ್ಡವಾಗಿಯೂ ಇದ್ದು, ಬ್ಯಾಟರಿಯ ಬಳಿಯಲ್ಲೇ ಫ್ಯೂಸಿರಬೇಕು. ಬ್ಯಾಟರಿಗೆ ತಗಲುವ ವೆಚ್ಚವೇನೋ ಅಲ್ಪವೇ. ಕೆಟಲಿನ ಶಾಖನಷ್ಟವನ್ನು ಬಿಟ್ಟರೆ, 20 ಡಿಗ್ರಿಯ ಒಂದು ಲೀಟರ್ ನೀರು ಆರು ನಿಮಿಷದೊಳಗೆ ಕುದಿಯುತ್ತದೆ. ವ್ಯಯವಾಗುವುದು ಸುಮಾರು 9 ಆಂಪಿಯರ್-ಗಂಟೆ.