ಗಾಡಿ ಓಡಿಸುವಾಗ ಊರಿನಿಂದ ಫೋನ್ ಬಂದರೆ

ಮಧ್ಯಾಹ್ನ ಮೂರೂಕಾಲಿಗೆ ಇಲ್ಲಿ ಶಾಲೆ ಬಿಡುವ ಹೊತ್ತಿಗೆ ಊರಿನಲ್ಲಿ ರಾತ್ರಿ ಏಳೂಮುಕ್ಕಾಲು, ಚಳಿಗಾಲದಲ್ಲಿ ಎಂಟೂಮುಕ್ಕಾಲು. ಅಡುಗೆಮನೆ ಕೆಲಸ ಮುಗಿಸಿ ಅಮ್ಮ ಫೋನ್ ಕೈಗೆತ್ತಿಕೊಳ್ಳುವುದು ಆಗಲೇ, ಮಕ್ಕಳನ್ನು ಕರೆತರಲು ನೀವು ಕಾರು ಹತ್ತುವುದೂ ಆಗಲೇ. ಬ್ರಿಟನ್‌ಗೆ ಹೊಸದಾಗಿ ಬಂದವರು ಇದನ್ನು ದಯವಿಟ್ಟು ಓದಬೇಕು.

ಗಾಡಿ ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದು ಬಳಸಿದರೆ 200 ಪೌಂಡ್ ದಂಡ, ಲೈಸೆನ್ಸಿನ ಮೇಲೆ 6 ಪಾಯಿಂಟ್. ಸಿಗ್ನಲ್‌ನಲ್ಲಿ ನಿಂತಾಗ ನೋಡಿದರೂ ಅಪರಾಧವೇ. 2022ರ ಮಾರ್ಚ್ 25ರಿಂದ ಫೋಟೊ ತೆಗೆಯುವುದು, ಹಾಡು ಹುಡುಕುವುದು ಕೂಡ ಇದರಲ್ಲಿ ಸೇರಿವೆ. ನಮ್ಮ ಇಂಡಿಯಾ ಲೈಸೆನ್ಸ್ ಇಲ್ಲಿ ನಡೆಯುವುದು 12 ತಿಂಗಳು ಮಾತ್ರ. ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಬೇಕು. ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ಅಂದರೆ ಒಂದೇ ಸಲ ಸಿಕ್ಕಿಬಿದ್ದರೂ ಸಾಕು, ಮತ್ತೆ ಪ್ರೊವಿಷನಲ್, ಮತ್ತೆ ಥಿಯರಿ, ಮತ್ತೆ ರೋಡ್ ಟೆಸ್ಟ್.

ದಂಡಕ್ಕಿಂತ ನನಗೆ ಹೆಚ್ಚು ಭಯವಾಗುವುದು ಇನ್ನೊಂದು ಲೆಕ್ಕ ನೋಡಿದಾಗ. ಗಂಟೆಗೆ 30 ಮೈಲಿ ವೇಗದಲ್ಲಿರುವ ಕಾರು, ಎದುರಿಗೆ ಮಗು ಓಡಿಬಂದದ್ದು ಕಂಡ ಮೇಲೆ ಪೂರ್ತಿ ನಿಲ್ಲಲು 23 ಮೀಟರ್ ಬೇಕು ಎನ್ನುತ್ತದೆ ಹೈವೇ ಕೋಡ್. ಯಾರ ಮೆಸೇಜ್ ಎಂದು ಎರಡೇ ಸೆಕೆಂಡ್ ಕಣ್ಣು ತಗ್ಗಿಸಿದಿರಾ, ಕಾರು ಸುಮಾರು 27 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕಿನ ಮೇಲೆ ಕಾಲು ಇನ್ನೂ ಹೋಗಿಯೇ ಇರುವುದಿಲ್ಲ.

ಬ್ಲೂಟೂತ್ ಇದೆಯಲ್ಲ ಎನ್ನುವವರು ಬಹಳ ಮಂದಿ. ಕಾನೂನು ಅದನ್ನು ನಿಷೇಧಿಸಿಲ್ಲ, ನಿಜ. ಆದರೆ ಗಮನ ತಪ್ಪಿ ಗಾಡಿ ನಿಮ್ಮ ಹತೋಟಿಯಲ್ಲಿಲ್ಲವೆಂದು ಕಂಡರೆ ಪೊಲೀಸರು ಆಗಲೂ ಹಿಡಿಯಬಹುದು. ಪಕ್ಕದಲ್ಲಿ ಕೂತವರು ರೌಂಡಬೌಟ್ ಬಂದ ಕೂಡಲೇ ತಾವಾಗಿ ಮಾತು ನಿಲ್ಲಿಸುತ್ತಾರೆ. ಹಾಸನದಲ್ಲಿ ಕೂತ ಅಮ್ಮನಿಗೆ ಆ ರೌಂಡಬೌಟ್ ಕಾಣುವುದಿಲ್ಲ, ಅಜ್ಜಿಗೆ ಬಿ.ಪಿ. ಏರಿದ ಸುದ್ದಿಯನ್ನು ಸರಿಯಾಗಿ ಆ ಗಳಿಗೆಯಲ್ಲೇ ಹೇಳಿಬಿಡಬಹುದು. ಆದ್ದರಿಂದ ಊರಿನವರಿಗೆ ಮೊದಲೇ ತಿಳಿಸಿಡಿ: “ಆ ಹೊತ್ತಿಗೆ ಗಾಡಿ ಓಡಿಸ್ತಿರ್ತೀನಮ್ಮ, ಫೋನ್ ಎತ್ತಲಿಲ್ಲ ಅಂತ ಗಾಬರಿ ಆಗ್ಬೇಡ, ಮನೆಗೆ ಬಂದು ನಾನೇ ಮಾಡ್ತೀನಿ.” ಮ್ಯಾಪ್ ಬೇಕಿದ್ದರೆ ಹೊರಡುವ ಮೊದಲೇ ಹಾಕಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ. ಮ್ಯಾಪ್ ಬೇಡವೆಂದರೆ ಫೋನ್ ಸೈಲೆಂಟ್ ಮಾಡಿ ಹಿಂದಿನ ಸೀಟಿನ ಬ್ಯಾಗಿಗೆ ಹಾಕಿಬಿಡಿ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಕಲಿಯುವವರ ಪಕ್ಕ ಕೂತು ಹೇಳಿಕೊಡುವವರಿಗೂ ಇದೇ ನಿಯಮ. ಹೆಂಡತಿ ಎಲ್ ಬೋರ್ಡ್ ಹಾಕಿಕೊಂಡು ಓಡಿಸುತ್ತಿರುವಾಗ ಗಂಡ ವಾಟ್ಸಾಪ್ ನೋಡುತ್ತಾ ಕೂರುವಂತಿಲ್ಲ.