ಕುಣಿ ತೋಡಿ, ಆದರೆ ಸೀತನಿಗೆ

ಪ್ರಶ್ನೆ: ಎಳ್ಳ ಅಮಾವಾಸ್ಯೆಗೆ ನಮ್ಮ ಹೊಲಕ್ಕೆ 30 ಜನ ಬರುತ್ತಾರೆ. ಹೊರದೇಶದಿಂದ ಬಂದ ಮಗ ಕುಣಿ ತೋಡಿ ಇಡೀ ಹಂದಿ ಸುಡೋಣ ಅಂತಾನೆ. ಆಗುತ್ತದೆಯೇ?
– ಗೃಹಿಣಿ, ರಾಣೆಬೆನ್ನೂರು

ಉತ್ತರ: ಅಕ್ಕಾ, ಹವಾಯಿಯಲ್ಲಿ ಕಾದ ಕಲ್ಲಿನ ಕುಣಿಯಲ್ಲಿ ಎಲೆ ಹೊದಿಸಿ ತಾಸುಗಟ್ಟಲೆ ಹಂದಿ ಬೇಯಿಸುತ್ತಾರೆ. ಅದು ಕೈ ಪಳಗಿದವರ ಕೆಲಸ. ಮಾಂಸ ಒಳಗೆ ಹಸಿಯಾಗಿ ಉಳಿದರೆ ಲಾಡಿಹುಳದ ಭಯ. ಮೊದಲ ಪ್ರಯೋಗ ನೆಂಟರ ಮೇಲೆ ಬೇಡ. ಅದೂ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವ ದಿನ!

ಕುಣಿ ಮಾತ್ರ ತೋಡಿಸಿ, ಸೀತನಿಗೆ, ಅಂದರೆ ಎಳೆ ಜೋಳದ ತೆನೆ ಸುಡಲಿಕ್ಕೆ. ಮಗ ಮರೆತಿರಬಹುದು, ನೀವು ಮರೆತಿರಲಾರಿರಿ. ಹಿಂಗಾರಿ ಜೋಳದ ಕಾಳು ಚಿವುಟಿದರೆ ಹಾಲು ದಪ್ಪಗೆ ಜಿನುಗಬೇಕು, ಆಗಲೇ ತೆನೆ ಮುರಿಯಿರಿ. ಸಕ್ಕರಿ ಮುಕ್ಕರಿ ಜೋಳ ಸಿಕ್ಕರೆ ನಿಮ್ಮ ಅದೃಷ್ಟ. ಔಷಧಿ ಹೊಡೆದ ಹೊಲದ ತೆನೆ ಬೇಡವೇ ಬೇಡ.

ಕುಣಿ ಮೊಣಕಾಲುದ್ದ ಬೇಕಿಲ್ಲ, ಒಂದಡಿ ಆಳ ಸಾಕು. ಕುಳ್ಳು ಉರಿದು, ಹೊಗೆ ಅಡಗಿ, ಕೆಂಡ ಬೂದಿ ಹೊದ್ದ ಮೇಲೆ ದಂಟು ಹೊರಗಿರುವಂತೆ ತೆನೆ ಇಟ್ಟು ತಿರುವುತ್ತಿರಿ. ಉರಿಯಲ್ಲಿಟ್ಟರೆ ಸಿಪ್ಪೆ ಕರಕಲು, ಕಾಳು ಹಸಿ. ಬಿಸಿಯಿದ್ದಾಗಲೇ ಗೋಣಿಚೀಲದಲ್ಲಿ ತಿಕ್ಕಿ, ಮೊರದಲ್ಲಿ ಕೇರಿ. ಆರಿದರೆ ಕಾಳು ಬಿರುಸಾಗುತ್ತದೆ. ಹೀಗಾಗಿ ಒಂದು ಪಾಳಿಗೆ ಐದಾರು ಜನರಿಗಾಗುವಷ್ಟೇ ಸುಡಿ.

ಜೊತೆಗೆ ಬೆಲ್ಲ, ಮೊಸರು, ಶೇಂಗಾ ಚಟ್ನಿ. ಚಟ್ನಿಗೆ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಹಾಕಿ: ಬಣ್ಣ ಹೆಚ್ಚು, ಖಾರ ಕಡಿಮೆ, ಮಕ್ಕಳೂ ತಿನ್ನುತ್ತಾರೆ. ಕುಣಿ ಬಣವೆಯಿಂದ ದೂರವಿರಲಿ, ಎರಡು ಕೊಡ ನೀರು ಪಕ್ಕದಲ್ಲಿರಲಿ. ಮಗ ಮಾಂಸಕ್ಕೇ ಹಟ ಹಿಡಿದರೆ ಬೇರೊಂದು ಭಾನುವಾರ, ಸಣ್ಣ ತುಂಡು ಮಾಡಿ, ಪಾತ್ರೆಯಲ್ಲಿ.